ನಮ್ಮ ಗಂಟುಮೂಟೆ ಯಾರ ತಲೆಗೆ?

ಹೆಂಗಸಿನ ವಯಸ್ಸು ಕೇಳಬಾರದು ಅನ್ನುತ್ತಾರೆ. ತೂಕವನ್ನಂತೂ ಕೇಳಲೇಬಾರದು. ಆದರೆ 2023ರಲ್ಲಿ ನನ್ನ ಅಕ್ಕನ ಮಗ, ನಾನು ಎತ್ತಿ ಆಡಿಸಿದ ಹುಡುಗ, ನಾಲ್ಕು ಜನರ ಎದುರಿಗೇ ಕೇಳಿದ. "ಚಿಕ್ಕಮ್ಮ, ನಿನ್ನ ತೂಕ ಎಷ್ಟು?"

ನಾನು ಅಮೆರಿಕಕ್ಕೆ ಹೋಗಿದ್ದೆ. ಮಧುಗಿರಿಯ ಮನೆ, ಅಂಗಳ, ಬಸ್‌ಸ್ಟ್ಯಾಂಡು ಬಿಟ್ಟು ಅಷ್ಟು ದೂರ ಹೋದದ್ದು ಅದೇ ಮೊದಲು. ಹುಡುಗ ಇರುವುದು ಒರೆಗಾನ್ ರಾಜ್ಯದಲ್ಲಿ. ಅಲ್ಲಿ ಅವನು ಮನೆಯ ಗ್ಯಾರೇಜಿನಲ್ಲಿ, ರಜೆಯ ದಿನಗಳಲ್ಲಿ, ಐದಾರು ವರ್ಷ ಕೂತು ಒಂದು ಪುಟ್ಟ ವಿಮಾನ ಕಟ್ಟಿದ್ದ. ನಗಬೇಡಿ. ನಮ್ಮಲ್ಲಿ ಮನೆ ಕಟ್ಟುವ ಹಾಗೆ ಅಲ್ಲಿ ಕೆಲವರು ವಿಮಾನ ಕಟ್ಟುತ್ತಾರೆ. ಆ ರಾಜ್ಯದಲ್ಲೇ ವ್ಯಾನ್ಸ್ ಏರ್‌ಕ್ರಾಫ್ಟ್ ಎಂಬ ಕಂಪನಿ ತಗಡು, ರಿವೆಟ್ಟು, ನಕ್ಷೆ ಎಲ್ಲ ಸೇರಿಸಿ ಕಿಟ್ ಮಾರುತ್ತದೆ. ಆ ಕಿಟ್ಟುಗಳಿಂದ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಎದ್ದು ಹಾರಿವೆ. ಕೆಲಸದ ಅರ್ಧಕ್ಕಿಂತ ಹೆಚ್ಚನ್ನು ಹವ್ಯಾಸಿಗಳೇ ಕಲಿಕೆಗಾಗಿ, ಖುಷಿಗಾಗಿ ಮಾಡಿರಬೇಕು ಎಂಬುದು ಅಲ್ಲಿನ ನಿಯಮ. ಆಮೇಲೆ ಸರ್ಕಾರದ ಕಡೆಯವರು ಬಂದು ನೋಡಿ 'ಪ್ರಯೋಗಾತ್ಮಕ' ಎಂದು ಒಂದು ಪತ್ರ ಕೊಡುತ್ತಾರೆ. ಮೊದಲ ಹತ್ತಾರು ಗಂಟೆ ಪರೀಕ್ಷೆಯ ಹಾರಾಟ, ಆಗ ಯಾರನ್ನೂ ಸುಮ್ಮನೆ ಕೂರಿಸಿಕೊಂಡು ಸುತ್ತುವ ಹಾಗಿಲ್ಲ. ಒಳಗೆ ಕೂರುವವರ ಕಣ್ಣಿಗೆ ಬೀಳುವ ಹಾಗೆ ಒಂದು ಫಲಕ ಇರಲೇಬೇಕು. ಇದು ಹವ್ಯಾಸಿ ಕಟ್ಟಿದ ವಿಮಾನ, ಮಾಮೂಲಿ ವಿಮಾನಗಳಿಗೆ ಇರುವ ಸರ್ಕಾರಿ ಸುರಕ್ಷತಾ ನಿಯಮಗಳಿಗೆ ಒಳಪಟ್ಟಿಲ್ಲ ಎಂಬುದು ಅದರ ಒಕ್ಕಣೆ. ನಮ್ಮ ಹುಡುಗ ಅದನ್ನು ಓದಿ ಅರ್ಥ ಹೇಳಿದಾಗ ನನಗೆ ಎದೆ ಝಲ್ಲೆಂದಿತು. ಆದರೂ ಅಕ್ಕನ ಮಗ, ಇಲ್ಲ ಅನ್ನುವುದು ಹೇಗೆ?

"ಅರವತ್ತು" ಅಂದೆ.

ಅವನು ನಕ್ಕು ಬಚ್ಚಲುಮನೆಯಿಂದ ತೂಕದ ಯಂತ್ರ ತಂದು ಮುಂದಿಟ್ಟ. 68 ತೋರಿಸಿತು. "ಎಂಟು ಕೆ.ಜಿ. ಸುಳ್ಳು ಚಿಕ್ಕಮ್ಮ" ಅಂತ ಚೀಟಿಯಲ್ಲಿ ಬರೆದುಕೊಂಡ. ಆಮೇಲೆ ತನ್ನ ತೂಕ, ನನ್ನ ಚೀಲದ ತೂಕ. ಅದು 11 ಕೆ.ಜಿ. ಇತ್ತು. ಕೊನೆಗೆ ನನ್ನ ಕೈಯಲ್ಲಿದ್ದ ಸ್ಟೀಲ್ ಡಬ್ಬ. ಅದರಲ್ಲಿ ಕೊಬ್ಬರಿ ಮಿಠಾಯಿ. ಇನ್ನೊಂದು ಊರಿನಲ್ಲಿ ನಮ್ಮ ಕಡೆಯವರೊಬ್ಬರ ಮನೆಗೆ ಹೋಗುವುದಿತ್ತು, ಬರಿಗೈಲಿ ಹೋಗುತ್ತಾರೆಯೇ? ಡಬ್ಬ 3 ಕೆ.ಜಿ.

"ಇದು ನನ್ನ ತೊಡೆ ಮೇಲೆ ಇರಲಿ ಬಿಡೋ" ಅಂದೆ.

"ಬೇಡ."

"ಚೆಲ್ಲೋದಿಲ್ಲ ಕಣೋ, ಹಿಡ್ಕೊಂಡಿರ್ತೀನಿ."

"ಚೆಲ್ಲೋ ವಿಷಯ ಅಲ್ಲ ಚಿಕ್ಕಮ್ಮ" ಎಂದು ಡಬ್ಬ ಕಿತ್ತುಕೊಂಡೇಬಿಟ್ಟ. ನನಗೆ ನಿಜಕ್ಕೂ ಸಿಟ್ಟು ಬಂತು. ತಾಯಿಯ ತಂಗಿ ಎನ್ನುವ ಮರ್ಯಾದೆ ಬೇಡವೇ?

ವಿಮಾನದೊಳಗೆ ಕೂತಮೇಲೆ ಕಾರಣ ಕಂಡಿತು. ಎರಡೇ ಸೀಟು, ಅಕ್ಕಪಕ್ಕ. ಅವನ ಮೊಳಕಾಲುಗಳ ನಡುವೆ ಒಂದು ಕೋಲು, ನನ್ನ ಮೊಳಕಾಲುಗಳ ನಡುವೆಯೂ ಅಂಥದೇ ಒಂದು. ಅವನು ತನ್ನ ಕೋಲನ್ನು ಎಳೆದರೆ ನನ್ನದೂ ಹಿಂದಕ್ಕೆ ಬರುತ್ತದೆ. ಅದರಿಂದಲೇ ವಿಮಾನ ಏಳುವುದು, ಇಳಿಯುವುದು, ವಾಲುವುದು. ನನ್ನ ತೊಡೆಯ ಮೇಲೆ ಡಬ್ಬ ಇದ್ದಿದ್ದರೆ ಇಳಿಯುವ ಹೊತ್ತಿಗೆ ಅವನು ಕೋಲು ಎಳೆದಾಗ ಅದು ನನ್ನ ಕೊಬ್ಬರಿ ಮಿಠಾಯಿಗೆ ತಗುಲಿ ನಿಂತುಬಿಡುತ್ತಿತ್ತು. ಇಬ್ಬರ ಕಥೆಯೂ ಅಲ್ಲಿಗೆ ಮುಗಿಯುತ್ತಿತ್ತು. ಹತ್ತುವ ಮುಂಚೆ ತನ್ನ ಜೇಬಿನ ಪೆನ್ನು, ಬೀಗದ ಕೈ, ಚಿಲ್ಲರೆ ಎಲ್ಲ ತೆಗೆಸಿಟ್ಟಿದ್ದ. ಒಂದು ಪೆನ್ನು ಜಾರಿ ಪೆಡಲಿನ ಕೆಳಗೋ ಕೋಲಿನ ಬುಡಕ್ಕೋ ಸಿಕ್ಕಿಕೊಂಡರೆ ಸಾಕಂತೆ. ನನ್ನ ಸೀರೆಯ ನೆರಿಗೆಯನ್ನೂ ಬಿಡಲಿಲ್ಲ. ಅವನ ಹೆಂಡತಿಯ ಚೂಡಿದಾರ ಹಾಕಿಸಿದ. ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ಚೂಡಿದಾರ ಹಾಕಿದ್ದು ಹೀಗೆ.

ಇನ್ನು ಚೀಲ. ಅದರ ಜಾಗ ಸೀಟಿನ ಹಿಂದೆ. ಅಲ್ಲಿ ಅವನೇ ಅಂಟಿಸಿದ ಇನ್ನೊಂದು ಚೀಟಿ ಇತ್ತು: ಗರಿಷ್ಠ 100 ಪೌಂಡು. ನಮ್ಮ ಲೆಕ್ಕದಲ್ಲಿ ಸುಮಾರು 45 ಕೆ.ಜಿ. "ಅಷ್ಟು ಹಿಡಿಯುತ್ತೆ ಅಂದಮೇಲೆ ಹನ್ನೊಂದು ಕೆ.ಜಿ.ಗೆ ಏಕೋ ಇಷ್ಟು ರಂಪ?" ಅಂದೆ. ಅವನು ಚೀಟಿಯಲ್ಲಿ ಗುಣಾಕಾರ ಮಾಡುತ್ತಲೇ ಹೇಳಿದ. ಎಷ್ಟು ತೂಕ ಅನ್ನುವುದು ಅರ್ಧ ಪ್ರಶ್ನೆ ಮಾತ್ರ, ಎಲ್ಲಿ ಇಟ್ಟಿದೆ ಅನ್ನುವುದು ಉಳಿದರ್ಧ. ನಾವು ಕೂರುವ ಜಾಗ ವಿಮಾನದ ತೂಕದ ನಡುಬಿಂದುವಿಗೆ ಹತ್ತಿರ, ಚೀಲದ ಜಾಗ ದೂರ. ದೂರ ಇಟ್ಟ ಒಂದೊಂದು ಕೆ.ಜಿ.ಗೂ ಬಲ ಹೆಚ್ಚು. ಹಿಂದೆ ಭಾರವಾದರೆ ಬಾಲ ಕುಸಿದು ಮೂತಿ ಮೇಲೇಳುತ್ತದೆ, ವೇಗ ಇಳಿಯುತ್ತದೆ. ಒಂದು ಹದ ಮೀರಿದ ಮೇಲೆ ಕೋಲನ್ನು ಎಷ್ಟು ಮುಂದಕ್ಕೆ ತಳ್ಳಿದರೂ ಮೂತಿ ಬಗ್ಗುವುದಿಲ್ಲ, ಗಿರಕಿ ಹೊಡೆಯುತ್ತಾ ಬೀಳುವುದೊಂದೇ ದಾರಿ. ಅವನ ವಿಮಾನದಲ್ಲಿ ಪೆಟ್ರೋಲಿನ ಟ್ಯಾಂಕು ರೆಕ್ಕೆಯ ಮುಂಭಾಗದಲ್ಲಿದೆ. ಹಾರುತ್ತಾ ಪೆಟ್ರೋಲು ಖಾಲಿಯಾದಂತೆ ಮುಂದಿನ ಭಾರ ತಗ್ಗುತ್ತದೆ. ಹೊರಡುವಾಗ ಸರಿಯಿದ್ದದ್ದು ಇಳಿಯುವಾಗ ಹಿಂಭಾರ ಆಗಬಹುದು. ಅದಕ್ಕೇ ಹೊರಡುವುದಕ್ಕೊಂದು, ಇಳಿಯುವುದಕ್ಕೊಂದು, ಎರಡು ಲೆಕ್ಕ.

ಹಿಂಭಾರ ಅನ್ನುವ ಮಾತು ಕೇಳಿದ ತಕ್ಷಣ ನನಗೆ ನಮ್ಮಪ್ಪನ ಎತ್ತಿನ ಗಾಡಿ ಕಣ್ಣ ಮುಂದೆ ಬಂತು. ಕೊರಟಗೆರೆ ಸೀಮೆಯ ನಮ್ಮ ಹಳ್ಳಿಯಿಂದ ಸಂತೆಗೆ ಹುಣಸೆಹಣ್ಣು, ರಾಗಿ ಹೇರುವಾಗ ಅಪ್ಪ ನೊಗ ಎತ್ತಿ ಹಿಡಿದು ನೋಡುತ್ತಿದ್ದ. ಹಿಂಭಾರವಾದರೆ ನೊಗ ಮೇಲೆದ್ದು ಹಗ್ಗ ಎತ್ತಿನ ಕುತ್ತಿಗೆ ಬಿಗಿಯುತ್ತದೆ, ಮುಂಭಾರವಾದರೆ ನೊಗ ಕುತ್ತಿಗೆಯ ಮೇಲೆ ಕೂರುತ್ತದೆ. ಒಂದು ಮೂಟೆಯನ್ನು ಗೇಣು ಹಿಂದೆ, ಗೇಣು ಮುಂದೆ ಸರಿಸಿ ಸರಿಸಿ, ಎರಡು ಬೆರಳಲ್ಲಿ ನೊಗ ಎತ್ತುವ ಹಾಗಾದಮೇಲೆ ಹಗ್ಗ ಬಿಗಿಯುತ್ತಿದ್ದ. ಓದು ಬರಹ ಇಲ್ಲದ ಮನುಷ್ಯ. ಒರೆಗಾನ್‌ನ ಗ್ಯಾರೇಜಿನಲ್ಲಿ ಇಂಜಿನಿಯರ್ ಮೊಮ್ಮಗ ಮಾಡಿದ್ದೂ ಅದನ್ನೇ. ನಡುವಿನ ತಲೆಮಾರಿನವರಾದ ನಾವು ಮಾತ್ರ ಮರೆತೆವು. ಎತ್ತಿಗೆ ನೋವಾಗುತ್ತೆ ಅಂತ ಯೋಚಿಸಿದವರ ಮಕ್ಕಳು ಬಸ್ಸಿಗೆ ನೋವಾಗುವುದಿಲ್ಲ ಅಂದುಕೊಂಡೆವು.

ಕಟ್ಟುವ ರೀತಿಯನ್ನೂ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಚೀಲ, ಡಬ್ಬ ಎರಡನ್ನೂ ನೆಲಕ್ಕೆ ತಾಗಿಸಿ ಇಟ್ಟು ಮೇಲೆ ನೈಲಾನ್ ಬಲೆ ಹಾಕಿ ನಾಲ್ಕು ಮೂಲೆಯ ಬಳೆಗಳಿಗೆ ಪಟ್ಟಿಯಿಂದ ಬಿಗಿದ. ಆ ಬಳೆಗಳು ತೆಳು ತಗಡಿಗೆ ಅಂಟಿದವಲ್ಲ, ಒಳಗಿನ ಅಸ್ಥಿಪಂಜರಕ್ಕೆ ಕೂರಿಸಿದವು. ತಗಡಿಗೆ ಕಟ್ಟಿದರೆ ಏಟು ಬಿದ್ದಾಗ ತಗಡೇ ಕಿತ್ತುಕೊಂಡು ಬರುತ್ತದೆ. ಎಳೆದರೆ ಹಿಗ್ಗುವ ರಬ್ಬರ್ ಹಗ್ಗವನ್ನು ಅವನು ನಂಬುವುದಿಲ್ಲ. ಅದು ಏಟಿಗೆ ಹಿಗ್ಗಿ, ಸಾಮಾನನ್ನು ಮುಂದಕ್ಕೆ ಬಿಟ್ಟು, ಆಮೇಲೆ ವಾಪಸು ಎಳೆಯುತ್ತದೆ. ಅಷ್ಟು ಹೊತ್ತಿಗೆ ತಲೆ ಒಡೆದಿರುತ್ತದೆ. ಕಾರ್ಖಾನೆಯಲ್ಲಿ ತಯಾರಾಗುವ ಸಣ್ಣ ವಿಮಾನಗಳಿಗೆ ಅಮೆರಿಕದಲ್ಲಿ ಬಹುಕಾಲ ಒಂದು ನಿಯಮವಿತ್ತು. ಕೂತ ಮನುಷ್ಯನನ್ನು ಹಿಡಿಯುವ ಪಟ್ಟಿ ಮುಂದಕ್ಕೆ ಒಂಬತ್ತು ಪಟ್ಟು ಭಾರ ತಡೆಯಬೇಕು. ಅವನ ಹಿಂದೆ ಇಟ್ಟ, ಅವನಿಗೆ ತಾಗಬಹುದಾದ ಸಾಮಾನನ್ನು ಹಿಡಿಯುವ ಕಟ್ಟು ಹದಿನೆಂಟು ಪಟ್ಟು ತಡೆಯಬೇಕು. ಮನುಷ್ಯನಿಗಿಂತ ಸಾಮಾನಿಗೆ ಇಮ್ಮಡಿ ಬಿಗಿ! ಮನುಷ್ಯ ಬದುಕಿ ಉಳಿದಮೇಲೆ ಅವನ ಸಾಮಾನೇ ಅವನನ್ನು ಕೊಲ್ಲಬಾರದು ಎಂದು ಇದರ ಅರ್ಥ. ನನ್ನ 3 ಕೆ.ಜಿ. ಡಬ್ಬ ಹದಿನೆಂಟು ಪಟ್ಟು ಆದರೆ 54 ಕೆ.ಜಿ. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಆ ನಿಯಮ ಕಡ್ಡಾಯವಲ್ಲ. ಆದರೂ ಇವನು ಲೆಕ್ಕ ಹಾಕಿಯೇ ಬಳೆ ಕೂರಿಸಿದ್ದಾನೆ. ಏಕೆಂದರೆ ಒಂದೊಂದು ರಿವೆಟ್ಟೂ ಅವನ ಕೈಯಿಂದಲೇ ಬಿದ್ದದ್ದು. ತಪ್ಪಾದರೆ ಬೇರೆಯವರತ್ತ ಬೆರಳು ತೋರಿಸುವ ಅನುಕೂಲ ಅವನಿಗಿಲ್ಲ.

ಈ ಹದಿನೆಂಟು ಪಟ್ಟಿನ ಮಾತು ಕೇಳಿದಾಗ ನಾನು ಮಾತಾಡಲಿಲ್ಲ. ಹಾರಾಟದ ನಲವತ್ತು ನಿಮಿಷವೂ ಮಾತಾಡಲಿಲ್ಲ. ಹೆದರಿದ್ದೇನೆ ಅಂತ ಹುಡುಗ ತಿಳಿದುಕೊಂಡ. ನನಗೆ ನೆನಪಾಗುತ್ತಿದ್ದದ್ದು ನನ್ನ ನಾದಿನಿಯ ಬಲಗಿವಿ.

2009ರಲ್ಲಿ ಅವಳ ಮಗಳ ಹೊಸ ಮನೆಯ ಗೃಹಪ್ರವೇಶ ಪಾವಗಡದಲ್ಲಿ. ಮಧುಗಿರಿಯಿಂದ ಬಾಡಿಗೆ ಕಾರು ಮಾಡಿ ಹೊರಟೆವು. ಡಿಕ್ಕಿ ತುಂಬ ತರಕಾರಿ, ತೆಂಗಿನಕಾಯಿ, ಬಾಳೆಗೊನೆ. ಉಡುಗೊರೆಗೆಂದು ತಂದ ಒಂದು ಜೊತೆ ಹಿತ್ತಾಳೆಯ ದೀಪದ ಕಂಬಗಳಿಗೆ ಜಾಗವಿರಲಿಲ್ಲ. ಒಂದೊಂದೂ ನಾಲ್ಕು ಕೆ.ಜಿ. ಇದ್ದೀತು. ಡ್ರೈವರು "ಕಾಲ ಹತ್ರ ಇಟ್ಕಳಿ ಅಮ್ಮ" ಅಂದ. ದೀಪವನ್ನು ಕಾಲ ಹತ್ತಿರ ಇಡುತ್ತಾರೆಯೇ? ನಾನೇ, ನನ್ನ ಕೈಯಾರೆ, ಹಿಂದಿನ ಸೀಟಿನ ಹಿಂದೆ ಗಾಜಿನ ಕೆಳಗಿನ ಹಲಗೆಯ ಮೇಲೆ, ಟವೆಲ್ಲು ಸುತ್ತಿ ಮಲಗಿಸಿದೆ. ಗೀರು ಬೀಳಬಾರದು ಅಂತ ಟವೆಲ್ಲು. ಅಷ್ಟು ಕಾಳಜಿ ದೀಪಕ್ಕೆ.

ಮಿಡಿಗೇಶಿ ದಾಟಿದ ಮೇಲೆ ಒಂದು ಎಮ್ಮೆ ಅಡ್ಡ ಬಂತು. ಡ್ರೈವರು ಬ್ರೇಕ್ ಒತ್ತಿ ಪಕ್ಕಕ್ಕೆಳೆದ. ಕಾರು ಹುಣಸೆಮರಕ್ಕೆ ತಾಗಿ ನಿಂತಿತು. ಹೆಡ್‌ಲೈಟು ಒಡೆಯಿತು, ಬಂಪರು ಬಾಗಿತು. ಎಮ್ಮೆಗೂ ಏನಾಗಲಿಲ್ಲ, ನಮಗೂ ಏನಾಗಲಿಲ್ಲ ಎಂದು ದೇವರಿಗೆ ಕೈ ಮುಗಿಯುತ್ತಿದ್ದೆವು, ನಾದಿನಿ ಮಾತ್ರ ಕೈ ಎತ್ತಲಿಲ್ಲ. ಟವೆಲ್ಲಿನಿಂದ ಜಾರಿದ ದೀಪದ ಕಂಬ ಅವಳ ಬಲಗಿವಿಯ ಹಿಂದೆ ಹೊಡೆದಿತ್ತು. ತಿಂಗಳುಗಟ್ಟಲೆ ಆಸ್ಪತ್ರೆ. ತಲೆಸುತ್ತು ಒಂದು ವರ್ಷಕ್ಕೆ ಕಡಿಮೆಯಾಯಿತು, ಕಿವಿ ಮಾತ್ರ ಬರಲಿಲ್ಲ. ಕಾರಿನ ರಿಪೇರಿ ಒಂದೇ ದಿನದಲ್ಲಿ ಮುಗಿಯಿತು.

ಆಮೇಲೆ ಏನಾಯಿತು ಗೊತ್ತೇ? ನಾವೆಲ್ಲ ಸೇರಿ ಎಮ್ಮೆಯನ್ನು ಬೈದೆವು. ಎಮ್ಮೆಯವನನ್ನು ಬೈದೆವು. ಡ್ರೈವರನ್ನಂತೂ ನನ್ನ ಯಜಮಾನರು ಮುಂದೆಂದೂ ಕರೆಯಲಿಲ್ಲ. ಅತ್ತೆಯವರು ಸಾಡೇಸಾತಿ ಅಂದರು. ಪಾವಗಡದಲ್ಲೇ ಶನಿಮಹಾತ್ಮ ಇದ್ದಾನಲ್ಲ, ಎಳ್ಳೆಣ್ಣೆ ದೀಪ ಹಚ್ಚಿಸಿದೆವು. ನನಗೆ ಶನಿಮಹಾತ್ಮನಲ್ಲಿ ಭಕ್ತಿಯಿದೆ, ಇಂದಿಗೂ ಹೋಗುತ್ತೇನೆ. ಆದರೆ ದೀಪದ ಕಂಬವನ್ನು ತಲೆಯ ಹಿಂದೆ ಇಟ್ಟವಳು ನಾನು. ಅದನ್ನು ಅವನ ತಲೆಗೆ ಕಟ್ಟಿ ಹದಿನಾಲ್ಕು ವರ್ಷ ಹಾಯಾಗಿದ್ದೆ. ಕಾಲ ಹತ್ತಿರ ಇಡಿ ಅಂದ ಡ್ರೈವರು ಸರಿ ಹೇಳಿದ್ದ. ಅವನ ಬಾಡಿಗೆ ತಪ್ಪಿಸಿದ್ದಕ್ಕೆ ಇಲ್ಲಿ ತಲೆ ತಗ್ಗಿಸುತ್ತೇನೆ.

ಊರಿಗೆ ವಾಪಸು ಬಂದ ಮೇಲೆ ನನಗೆ ಬಸ್ಸು ಹತ್ತುವುದೇ ಕಷ್ಟವಾಯಿತು. ಕಣ್ಣು ಕೆಟ್ಟುಹೋಗಿತ್ತು ಅನ್ನಿ, ಎಲ್ಲೆಲ್ಲೂ ಕಟ್ಟದ ಸಾಮಾನೇ ಕಾಣುತ್ತದೆ. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಸ್ಸುಗಳನ್ನು ನೀವೂ ಬಲ್ಲಿರಿ. ಟಾಪ್ ಮೇಲೆ ಕಡಲೇಕಾಯಿ ಮೂಟೆ, ಈರುಳ್ಳಿ ಚೀಲ, ಒಂದು ಮೊಪೆಡ್ಡು. ಕಟ್ಟಿದ್ದರೆ ಒಂದು ಸುತ್ತು ಹಗ್ಗ, ಇಲ್ಲದಿದ್ದರೆ ದೇವರು. ಒಳಗೆ ಓಡಾಡುವ ದಾರಿಯಲ್ಲಿ ಅಕ್ಕಿ ಮೂಟೆ, ಅದರ ಮೇಲೆ ಕೂತ ಮುದುಕಿ. ತಲೆಯ ಮೇಲಿನ ಕ್ಯಾರಿಯರಿನಲ್ಲಿ ಕುಕ್ಕರಿನ ಪೆಟ್ಟಿಗೆ, ಕಬ್ಬಿಣದ ಟ್ರಂಕು, ಅದಕ್ಕೆ ತಡೆಯಾಗಿ ಬೆರಳು ಗಾತ್ರದ ಒಂದು ಕಂಬಿ. ಡ್ರೈವರ ಕಾಲ ಬಳಿ ನೀರಿನ ಬಾಟಲಿ, ಯಾರೋ ಮುಂದಿನ ಸ್ಟಾಪಿನಲ್ಲಿ ಕೊಡಿ ಎಂದು ಇಟ್ಟುಹೋದ ಪಾರ್ಸೆಲ್ಲು. ಆ ಬಾಟಲಿ ಉರುಳಿ ಬ್ರೇಕ್ ಪೆಡಲಿನ ಕೆಳಗೆ ಹೋದರೆ? ನನ್ನ ಅಕ್ಕನ ಮಗ ಒಂದು ಪೆನ್ನಿಗೆ ಹೆದರುತ್ತಾನೆ.

ಒಮ್ಮೆ ಕಂಡಕ್ಟರಿಗೆ ಹೇಳಿದೆ, "ಆ ಟ್ರಂಕು ಕೆಳಗಿಡಪ್ಪ, ಮಗು ಕೂತಿದೆ ಕೆಳಗೆ."

"ಅಡ್ಜಸ್ಟ್ ಮಾಡ್ಕಳ್ರಮ್ಮ, ಇದೇನು ಏರೋಪ್ಲೇನಾ?"

ಬಸ್ಸೆಲ್ಲ ನಕ್ಕಿತು. ಹೌದಪ್ಪ, ಏರೋಪ್ಲೇನಲ್ಲ. ಹವ್ಯಾಸಿ ಕಟ್ಟಿದ ಏರೋಪ್ಲೇನು ನಾನು ಸುರಕ್ಷಿತ ಅಲ್ಲ ಎಂದು ಎದುರಿಗೇ ಬರೆದುಕೊಂಡು ನನ್ನ ಡಬ್ಬವನ್ನು ಬಿಗಿಯುತ್ತದೆ. ನಿನ್ನ ಬಸ್ಸು ಎಫ್.ಸಿ. ಪಡೆದು, ಗಾಜಿನ ಮೇಲೆ ದೇವರ ಹೆಸರು ಬರೆಸಿಕೊಂಡು, ಮಗುವಿನ ತಲೆಯ ಮೇಲೆ ಟ್ರಂಕು ತೂಗುಹಾಕುತ್ತದೆ. ಇವೆರಡರಲ್ಲಿ ಯಾವುದನ್ನು ನಂಬಲಿ?

ವಿಮಾನಕ್ಕೆ ಮಾತ್ರ ಈ ಶಾಸ್ತ್ರ, ನೆಲದ ಮೇಲೆ ಬೇಡ ಎನ್ನುವವರು ಒಂದು ಲೆಕ್ಕ ಕೇಳಿ. ಗಂಟೆಗೆ 50 ಕಿ.ಮೀ. ವೇಗದ ವಾಹನ ಏನಕ್ಕಾದರೂ ಹೊಡೆದು ಅರ್ಧ ಮೀಟರಿನೊಳಗೆ ನಿಂತರೆ ಒಳಗಿರುವ ಪ್ರತಿ ವಸ್ತುವನ್ನೂ ಹಿಡಿದು ನಿಲ್ಲಿಸಲು ಅದರ ತೂಕದ ಸುಮಾರು ಇಪ್ಪತ್ತು ಪಟ್ಟು ಬಲ ಬೇಕು. ಹೈಸ್ಕೂಲು ಗಣಿತವೇ ಸಾಕು, ಅಮೆರಿಕ ಬೇಡ. ಐದು ಕೆ.ಜಿ. ಕುಕ್ಕರು ಒಂದು ಕ್ವಿಂಟಾಲು ಆಗುತ್ತದೆ. ಇನ್ನು ಟಾಪ್ ಮೇಲಿನ ಭಾರ. ವಿಮಾನಕ್ಕೆ ಹಿಂಭಾರ ಹೇಗೋ ಬಸ್ಸಿಗೆ ಮೇಲ್ಭಾರ ಹಾಗೆ. ಮೇಲೆ ಹೇರಿದಷ್ಟೂ ತಿರುವಿನಲ್ಲಿ ಪಲ್ಟಿಯಾಗುವುದು ಸುಲಭ. ತಲೆಯ ಮೇಲೆ ಕೊಡ ಹೊತ್ತು ಓಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2022ರ ಮಾರ್ಚ್ 19. ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಹೊರಟ ಖಾಸಗಿ ಬಸ್ಸು ಪಳವಳ್ಳಿ ಕಟ್ಟೆಯ ಹತ್ತಿರ ಉರುಳಿತು. ಕಾಲೇಜಿಗೆ ಹೊರಟಿದ್ದ ಮಕ್ಕಳು ಸತ್ತರು, ಹತ್ತಾರು ಜನ ಗಾಯಗೊಂಡರು. ಬಸ್ಸು ಕಿಕ್ಕಿರಿದಿತ್ತು. ಟಾಪ್ ಮೇಲೂ ಜನ ಇದ್ದರೆಂದು ಪತ್ರಿಕೆಗಳು ಬರೆದವು. ಅದೇ ವರ್ಷ ಆಗಸ್ಟ್ 25ರ ಬೆಳಗಿನ ಜಾವ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಬಳಿ ಹೆದ್ದಾರಿಯಲ್ಲಿ ಒಂದು ಕ್ರೂಸರ್ ಲಾರಿಗೆ ಡಿಕ್ಕಿ ಹೊಡೆಯಿತು. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟವರು, ಹನ್ನೆರಡು ಹದಿಮೂರು ಜನ ಕೂರುವ ಗಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ. ಒಂಬತ್ತು ಜನ ಸತ್ತರು, ಅದರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಈ ಎರಡೂ ಕಡೆ ಸಾಮಾನೇ ಕಾರಣ ಎಂದು ನಾನು ಹೇಳುತ್ತಿಲ್ಲ. ಮನುಷ್ಯರನ್ನೇ ಸಾಮಾನಿನಂತೆ ತುರುಕುವ ಕಡೆ ಸಾಮಾನನ್ನು ಯಾರು ಕಟ್ಟುತ್ತಾರೆ ಎಂದು ಕೇಳುತ್ತಿದ್ದೇನೆ. ಟಾಪ್ ಮೇಲೆ, ಬಾನೆಟ್ ಮೇಲೆ ಪ್ರಯಾಣ ಮಾಡಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. 2019ರ ತಿದ್ದುಪಡಿಯಲ್ಲಿ ಹೆಚ್ಚುವರಿ ಪ್ರಯಾಣಿಕರಿಗೂ ದಂಡ ಇಟ್ಟರು. ಒಂದು ತಲೆಗೆ ಎಷ್ಟು ಗೊತ್ತೇ? 200 ರೂಪಾಯಿ. ಸರಕು ಮಿತಿ ಮೀರಿದರೆ 20,000, ಮೇಲೆ ಒಂದೊಂದು ಟನ್ನಿಗೂ 2,000. ಕಾನೂನಿನ ತಕ್ಕಡಿಯಲ್ಲೂ ನಮ್ಮ ತೂಕ ಇಷ್ಟೇ.

ದೊಡ್ಡವರ ಲೋಕದಲ್ಲೂ ಇದೇ ಕಥೆ ನಡೆದಿದೆ. 2013ರ ಏಪ್ರಿಲ್ 29ರಂದು ಅಫ್ಘಾನಿಸ್ತಾನದ ಬಗ್ರಾಮಿನಿಂದ ಎದ್ದ ಒಂದು ದೊಡ್ಡ ಸರಕು ವಿಮಾನದಲ್ಲಿ ಸೈನ್ಯದ ಕವಚದ ವಾಹನಗಳಿದ್ದವು. ಕಟ್ಟಿದ್ದು ಸಾಲದೆ ಒಂದು ವಾಹನ ಬಿಡಿಸಿಕೊಂಡು ಹಿಂದಕ್ಕೆ ಜಾರಿ ಬಾಲದ ಯಂತ್ರಗಳನ್ನು ಒಡೆಯಿತು. ಏಳು ಜನರೂ ಸತ್ತರು. 2001ರ ಆಗಸ್ಟಿನಲ್ಲಿ ಬಹಾಮಾಸ್ ದ್ವೀಪದಲ್ಲಿ ಆಲಿಯಾ ಎಂಬ 22 ವರ್ಷದ ಅಮೆರಿಕದ ಗಾಯಕಿ ಇದ್ದ ಸಣ್ಣ ವಿಮಾನ ಬಿತ್ತು, ಒಂಬತ್ತು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ತನಿಖೆ ಮಾಡಿದವರು ಕಂಡದ್ದು ಮಿತಿ ಮೀರಿದ ತೂಕ, ಮಿತಿ ಮೀರಿದ ಹಿಂಭಾರ. ನಮ್ಮ ನೆರೆಯಲ್ಲೇ, 2025ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲಿನ ಬಳಿ ಬೈಕಿಗೆ ತಾಗಿ ಹೊತ್ತಿ ಉರಿಯಿತು. ಅದರಲ್ಲಿ ನೂರಾರು ಮೊಬೈಲ್ ಫೋನುಗಳ ಪಾರ್ಸೆಲ್ ಇತ್ತೆಂದು ಆಮೇಲೆ ಸುದ್ದಿ ಬಂತು. ಮಲಗಿದ್ದವರಿಗೆ ತಮ್ಮ ಜೊತೆ ಏನು ಪ್ರಯಾಣ ಮಾಡುತ್ತಿದೆ ಎಂದು ಯಾರು ಹೇಳಿದ್ದರು?

ಈಗ ಗಂಡಸರ ಒಂದು ತಮಾಷೆಗೆ ಬರುತ್ತೇನೆ. "ಹೆಂಗಸರು ಹತ್ತಿದರೆ ಬಸ್ಸಿನ ಸ್ಪ್ರಿಂಗು ಮುರಿಯುತ್ತೆ, ಅಷ್ಟು ಲಗೇಜು." 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿಗೆ ಹಣ ಬೇಡವಾದ ಮೇಲೆ ಈ ತಮಾಷೆ ಜಾಸ್ತಿಯಾಗಿದೆ. ಸ್ವಾಮಿ, ಆ ಲಗೇಜು ಬಿಚ್ಚಿ ನೋಡಿ. ಮಗನ ಹಾಸ್ಟೆಲಿಗೆ ಚಟ್ನಿಪುಡಿ, ಮಾವನವರ ಆರು ತಿಂಗಳ ಮಾತ್ರೆ, ಬಾಣಂತಿ ಮಗಳಿಗೆ ಹಳೆ ಸೀರೆಯ ಬಟ್ಟೆ, ತವರಿನ ಒಂದು ಸೇರು ಹುಣಸೆಹಣ್ಣು, ನಿಮ್ಮದೇ ಎರಡು ಜೊತೆ ಇಸ್ತ್ರಿ ಬಟ್ಟೆ. ಕೈ ಬೀಸಿಕೊಂಡು ಹತ್ತುವ ಭಾಗ್ಯ ನಿಮ್ಮದಾಗಿರುವುದು ಮೂಟೆ ನಮ್ಮ ಕೈಯಲ್ಲಿರುವುದರಿಂದ. ಮನೆಯೆಲ್ಲರ ಗಂಟು ನಾವು ಹೊರುತ್ತೇವೆ. ಬ್ರೇಕ್ ಬಿದ್ದಾಗ ಅದು ಬೀಳುವುದು ನಮ್ಮ ಮೇಲೆ, ನಮ್ಮ ತೊಡೆಯ ಮಗುವಿನ ಮೇಲೆ. ಆದ್ದರಿಂದ ಲಗೇಜು ಕಡಿಮೆ ಮಾಡಿ ಎಂದು ನಮಗೆ ಉಪದೇಶ ಬೇಡ. ಅದನ್ನು ಇಡಲು ಜಾಗ ಕೊಡಿ, ಕಟ್ಟಲು ಬಳೆ ಕೊಡಿ.

ಬಡವರ ಹೊಟ್ಟೆಯ ಮೇಲೆ ಹೊಡೆಯಬೇಡಿ ಅನ್ನುವವರೂ ಇದ್ದಾರೆ, ಅದರಲ್ಲೂ ಬಸ್ಸಿನ ಮಾಲೀಕರು. ರೈತರು ಮೂಟೆ ಎಲ್ಲಿ ಒಯ್ಯಬೇಕು ಎಂದು ಕೇಳುತ್ತಾರೆ. ಒಯ್ಯಲಿ, ಯಾರು ಬೇಡ ಅಂದರು? ಪಾವಗಡಕ್ಕೆ ಸರ್ಕಾರಿ ಬಸ್ಸು ಸಾಲದು, ಮೂಟೆಗೆ ಖಾಸಗಿ ಬಸ್ಸೇ ಗತಿ, ನನಗೂ ಗೊತ್ತು. ಆದರೆ ಆ ಮೂಟೆಗೆ ಲಗೇಜು ಚಾರ್ಜು ವಸೂಲಿ ಮಾಡುತ್ತೀರಲ್ಲ, ಆ ದುಡ್ಡಿನಲ್ಲಿ ಒಂದು ಬಲೆ ಬರುವುದಿಲ್ಲವೇ? ಭಾರದ್ದನ್ನು ಡಿಕ್ಕಿಯಲ್ಲಿ ಕೆಳಗೆ ಹಾಕಿ, ಹಗುರದ್ದನ್ನು ಮಾತ್ರ ಮೇಲೆ ಹಾಕಿ, ಅಡ್ಡಡ್ಡ ಉದ್ದುದ್ದ ಹಗ್ಗ ಬಿಗಿಯುವುದಕ್ಕೆ ಕ್ಲೀನರಿಗೆ ಹತ್ತು ನಿಮಿಷ ಹೆಚ್ಚು ಬೇಕು. ಹಿಂದಿನ ಬಸ್ಸು ಬಂದು ಕಲೆಕ್ಷನ್ ಹೊಡೆಯುತ್ತೆ ಎಂದು ಆ ಹತ್ತು ನಿಮಿಷವನ್ನು ನೀವು ಕೊಡುವುದಿಲ್ಲ. ಬಡವರ ಹೆಸರು ಹೇಳಬೇಡಿ, ಅದು ನಿಮ್ಮ ಟೈಮಿಂಗಿನ ಮಾತು.

ಆದರೆ ಮಾಲೀಕರನ್ನು ಬೈದು ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ. ದೀಪದ ಕಂಬವನ್ನು ಅಲ್ಲಿಟ್ಟದ್ದು ಯಾವ ಮಾಲೀಕನೂ ಅಲ್ಲ. ಊರ ಕಾರುಗಳನ್ನೇ ನೋಡಿ. ಮದುವೆಗೆ ಹೊರಟ ಒಂದೊಂದರ ಹಿಂದಿನ ಗಾಜಿನಡಿಯ ಹಲಗೆಯ ಮೇಲೂ ಏನಾದರೊಂದು ಇರುತ್ತದೆ. ಮಧ್ಯದ ಸೀಟಿನಲ್ಲಿ ಅಜ್ಜಿ, ಅಜ್ಜಿಯ ತೊಡೆಯ ಮೇಲೆ ಮಗು, ಮಗುವಿನ ತೊಡೆಯ ಮೇಲೆ ತಾಂಬೂಲದ ತೆಂಗಿನಕಾಯಿ ಚೀಲ. ಬೆಲ್ಟು ಮುಂದೆ ಕೂತ ಯಜಮಾನರಿಗೆ ಮಾತ್ರ, ಅದೂ ಪೊಲೀಸರು ಕಂಡಾಗ. ನಾನು ಈಗ ಹೊರಡುವಾಗ ಮನೆಯಲ್ಲಿ ಜಗಳ ಮಾಡುತ್ತೇನೆ. ಭಾರದ್ದೆಲ್ಲ ಡಿಕ್ಕಿಯ ತಳದಲ್ಲಿ, ಸೀಟಿನ ಬೆನ್ನಿಗೆ ಒತ್ತಿ ಇಡಬೇಕು. ಕುಕ್ಕರು, ಕಾಯಿ, ಹಿತ್ತಾಳೆ, ಯಾವುದೂ ಭುಜಕ್ಕಿಂತ ಮೇಲೆ ಇರಬಾರದು. ಡಿಕ್ಕಿ ಸಾಲದಿದ್ದರೆ ಕಾಲ ಬಳಿ ಇಟ್ಟುಕೊಳ್ಳಿ. ದೀಪವಾದರೂ ಸರಿ, ಆಮೇಲೆ ತೊಳೆದು ಕುಂಕುಮ ಇಟ್ಟರಾಯಿತು. ದೇವರು ಮುನಿಯುವುದಿಲ್ಲ. ಡ್ರೈವರ ಕಾಲ ಬಳಿ ಮಾತ್ರ ಚಪ್ಪಲಿಯೂ ಇರಬಾರದು. ಸೀಟು ಖಾಲಿ ಇದ್ದರೆ ಚೀಲಕ್ಕೂ ಬೆಲ್ಟು ಹಾಕುತ್ತೇನೆ. "ಚೀಲಕ್ಕೂ ಬೆಲ್ಟಾ?" ಎಂದು ನನ್ನ ಯಜಮಾನರು ನಗುತ್ತಾರೆ. ನಾದಿನಿ ನಗುವುದಿಲ್ಲ. ಅಮೆರಿಕದಿಂದ ಬಂದ ವಾರವೇ ಅವಳ ಮನೆಗೆ ಹೋಗಿ, ಎಡಗಿವಿಯ ಹತ್ತಿರ ಕೂತು, "ಅದನ್ನು ಅಲ್ಲಿ ಇಟ್ಟದ್ದು ನಾನು ಕಣೇ" ಅಂದೆ. "ಗೊತ್ತು ಅತ್ತಿಗೆ, ಅವತ್ತೇ ಗೊತ್ತಿತ್ತು" ಅಂದಳು. ಆಮೇಲೆ ಕಾಫಿ ಮಾಡಲು ಎದ್ದುಹೋದಳು.

ಬಸ್ಸುಗಳ ವಿಷಯ ಸಂಬಂಧಪಟ್ಟ ಕಚೇರಿಯೊಂದಕ್ಕೆ ಎರಡು ಸಲ ಕಾಗದ ಬರೆದೆ. ಕ್ಯಾರಿಯರಿಗೆ ಬಲೆ, ಟಾಪ್ ಮೇಲೆ ಜನ ಬೇಡ, ಭಾರವೆಲ್ಲ ಕೆಳಗೆ, ಡ್ರೈವರ ಕಾಲ ಬಳಿ ಏನೂ ಬೇಡ, ಎಫ್.ಸಿ. ಕೊಡುವಾಗ ಲಗೇಜು ಕಟ್ಟುವ ಬಳೆಗಳನ್ನೂ ಎಳೆದು ನೋಡಿ. ಇಷ್ಟೇ ಕೇಳಿದ್ದು. ಉತ್ತರ ಬಂದಿಲ್ಲ. ಒಬ್ಬ ಹೆಂಗಸಿನ ಕಾಗದಕ್ಕೆ ತೂಕ ಸಾಲದು ಎಂದು ಕಾಣುತ್ತದೆ. ಮೂರನೆಯ ಕಾಗದಕ್ಕೆ ನಮ್ಮ ಬೀದಿಯ ಸ್ವಸಹಾಯ ಸಂಘದ ಹದಿನೈದು ಜನ ಸಹಿ ಹಾಕಿದ್ದಾರೆ, ನಾದಿನಿಯದೂ ಇದೆ. ಶಿರಾದಲ್ಲಿ, ಕೊರಟಗೆರೆಯಲ್ಲಿ, ಪಾವಗಡದಲ್ಲಿ ಇದನ್ನು ಓದುತ್ತಿರುವವರು ನಿಮ್ಮ ನಿಮ್ಮ ಬಸ್ಸುಗಳ ಬಗ್ಗೆ ನೀವೂ ಒಂದೊಂದು ಬರೆಯಿರಿ. ಬಸ್ಸಿನ ನಂಬರು, ತಾರೀಖು, ಯಾವ ಸಾಮಾನು ಎಲ್ಲಿತ್ತು ಅನ್ನುವುದನ್ನು ಬರೆಯಲು ಮರೆಯಬೇಡಿ.